ಹಲ್ಲು ಸರಿಯುವಾಗ ನೋವೇಕೆ?

ಸೊಟ್ಟ ಹಲ್ಲು ಸರಿಪಡಿಸಲು ನಮ್ಮ ಆದೋನಿ ಕಡೆ ಹೆಚ್ಚಾಗಿ ಕಾಣುವುದು ತಂತಿಯ ಕ್ಲಿಪ್ಪೇ. ಈಗ ಪಾರದರ್ಶಕ ಪ್ಲಾಸ್ಟಿಕ್ಕಿನ ಅಲೈನರ್ ಕೂಡ ಬಂದಿದೆ. ಹಲ್ಲುಗಳ ಮೇಲೆ ಕವಚದಂತೆ ಕೂರುತ್ತದೆ, ಬೇಕೆಂದಾಗ ತೆಗೆಯಬಹುದು. ಎರಡರ ದೂರೂ ಒಂದೇ: "ಸರ್, ಹಾಕಿದಾಗ ಬರೀ ಬಿಗಿ ಅನ್ನಿಸ್ತು. ರಾತ್ರಿ ನೋವು ಶುರುವಾಯ್ತು. ಮರುದಿನ ರೊಟ್ಟಿ ಕಡಿಯೋಕೇ ಆಗ್ಲಿಲ್ಲ." ನೋವು ಇಷ್ಟು ತಡವಾಗಿ ಬರುವುದೇಕೆ?

ಹಲ್ಲು ದವಡೆಯ ಮೂಳೆಗೆ ಅಂಟಿಕೊಂಡಿದೆ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಸಂದು ಇದೆ. ಅದರ ತುಂಬ ನಾರು, ರಕ್ತನಾಳ, ನರಗಳು. ಇದಕ್ಕೆ ಪೆರಿಯೊಡಾಂಟಲ್ ಲಿಗಮೆಂಟ್ ಎನ್ನುತ್ತಾರೆ. ಊಟ ಮಾಡುವಾಗ ಅನ್ನದಲ್ಲಿ ಸಣ್ಣ ಹರಳು ಸಿಕ್ಕರೂ ಥಟ್ಟನೆ ಗೊತ್ತಾಗುತ್ತದಲ್ಲ? ಅದನ್ನು ತಿಳಿಸುವುದು ಎನಾಮಲ್ ಅಲ್ಲ, ಅದರಲ್ಲಿ ನರವೇ ಇಲ್ಲ. ತಿಳಿಸುವುದು ಈ ಸಂದಿನ ನರಗಳು.

ಒಂದೊಂದು ಅಲೈನರ್ ಹಲ್ಲನ್ನು ಹೆಚ್ಚೆಂದರೆ ಕಾಲು ಮಿಲಿಮೀಟರಿನಷ್ಟು ಸರಿಸುವಂತೆ ಮಾಡಿರುತ್ತಾರೆ. ನಮ್ಮ ಎರೆಮಣ್ಣಿನಲ್ಲಿ ನೆಟ್ಟ ಗೂಟವನ್ನು ಮಳೆಗಾಲದಲ್ಲಿ ತಳ್ಳಿದರೆ ಮಣ್ಣು ಒತ್ತಿಕೊಂಡು ಜಾಗ ಬಿಡುತ್ತದೆ. ಮೂಳೆ ಹಾಗೆ ಒತ್ತಿಕೊಳ್ಳುವುದಿಲ್ಲ, ಕರಗಬೇಕು. ಹಲ್ಲು ಒತ್ತುವ ಕಡೆ ಸಂದು ಕಿರಿದಾಗಿ ರಕ್ತದ ಓಡಾಟ ಕುಗ್ಗುತ್ತದೆ. ಅಲ್ಲಿನ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಇವು ಎರಡು ಕೆಲಸ ಮಾಡುತ್ತವೆ: ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ, ಜೊತೆಗೆ ನರಗಳನ್ನು ಸೂಕ್ಷ್ಮವಾಗಿಸುತ್ತವೆ. ಅವು ಕೂಡಿಬರಲು ಕೆಲವು ಗಂಟೆ ಬೇಕು, ನೋವು ತಡವಾಗುವುದು ಅದಕ್ಕೇ. ಸಾಮಾನ್ಯವಾಗಿ ಒಂದು ದಿನದ ಹೊತ್ತಿಗೆ ಜೋರಾಗಿ, ವಾರದೊಳಗೆ ಇಳಿಯುತ್ತದೆ. ಅತ್ತ ಹಲ್ಲಿನ ಹಿಂಬದಿಯಲ್ಲಿ ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸ ಮೂಳೆ ಕಟ್ಟುತ್ತಿರುತ್ತವೆ. ಅಂದರೆ ಗೂಟದ ಜೊತೆ ಗುಂಡಿಯೂ ಸರಿಯುತ್ತದೆ! ನನಗೆ ಇದು ಇಡೀ ಜೀವಶಾಸ್ತ್ರದಲ್ಲೇ ಸೊಗಸಾದ ಸಂಗತಿ ಅನ್ನಿಸುತ್ತದೆ.

ನೋಯುತ್ತದೆ ಎಂದು ಅಲೈನರ್ ತೆಗೆದಿಟ್ಟರೆ ಏನಾಗುತ್ತದೆ? ಹಲ್ಲು ಹಳೇ ಜಾಗದ ಕಡೆ ಜಾರುತ್ತದೆ, ಮತ್ತೆ ಹಾಕಿದಾಗ ಇನ್ನಷ್ಟು ಬಿಗಿ, ಇನ್ನಷ್ಟು ನೋವು. ದಿನಕ್ಕೆ 20ರಿಂದ 22 ಗಂಟೆ ಹಾಕಿರಲೇಬೇಕು ಎನ್ನುವುದು ಈ ಕಾರಣಕ್ಕೆ. ಊಟಕ್ಕೆ, ಹಲ್ಲುಜ್ಜಲು ತೆಗೆಯಬೇಕು. ಬಿಸಿ ಚಹಾ ಕುಡಿಯುವಾಗಲೂ ತೆಗೆಯಿರಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ. ಮೊದಲ ಎರಡು ಮೂರು ದಿನ ಕಟಕ ರೊಟ್ಟಿ ಬಿಟ್ಟು ನುಚ್ಚು-ಮಜ್ಜಿಗೆ, ಮೆತ್ತಗಿನ ಅನ್ನ ಉಣ್ಣಿ.

ಮಾತ್ರೆಯ ವಿಷಯ ಸ್ವಲ್ಪ ಸೂಕ್ಷ್ಮ. ಐಬುಪ್ರೊಫೇನ್ ನೋವು ಇಳಿಸುವುದು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆದು. ಹಲ್ಲು ಸರಿಯಲು ಬೇಕಾದದ್ದೂ ಅದೇ ತಾನೆ? ಆದ್ದರಿಂದ ಅನೇಕ ಡಾಕ್ಟರುಗಳು ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದು ನುಂಗಬೇಡಿ.

ಅಲೈನರಿನ ಅಂಚು ನಾಲಿಗೆ, ಕೆನ್ನೆಗೆ ತಾಗಿ ಗಾಯವಾದರೆ ಡಾಕ್ಟರು ಅದನ್ನು ಉಜ್ಜಿ ನುಣುಪು ಮಾಡಿಕೊಡುತ್ತಾರೆ. ವಾರ ಕಳೆದರೂ ನೋವು ಇಳಿಯದಿದ್ದರೆ, ಒಸಡು ಬಾತು ಕೀವು ಕಂಡರೆ, ಒಂದೇ ಹಲ್ಲು ಮಾತ್ರ ಚಳುಕು ಹೊಡೆಯುತ್ತಿದ್ದರೆ ಅದು ಈ ಲೆಕ್ಕದ ನೋವಲ್ಲ. ಮುಂದಿನ ಭೇಟಿಯ ದಿನಕ್ಕೆ ಕಾಯದೆ ಮನೆಯವರನ್ನು ಕರೆದುಕೊಂಡು ಹೋಗಿ ತೋರಿಸಿ.