ಠೇವಣಿಯ ಹಣ

ಮುಂಬಯಿಯಲ್ಲಿ ಬಿಡಾರ ಬದಲಿಸುವ ಸಂಸಾರವಂದಿಗನ ಕಷ್ಟ ಸಾಮಾನು ಕಟ್ಟುವುದರಲ್ಲಿಲ್ಲ. ಹೊಸ ಮನೆಯ ಮಾಲಿಕರಿಗೆ ಠೇವಣಿಯನ್ನು ಇಂದೇ ಎಣಿಸಿ ಕೊಡಬೇಕು. ಹಳೆಯ ಮಾಲಿಕರಿಂದ ಬರಬೇಕಾದ ಠೇವಣಿ ಮಾತ್ರ ‘ನೋಡೋಣ, ಮುಂದಿನ ವಾರ ಬನ್ನಿ’ ಎಂಬ ಮಾತಿನಲ್ಲೇ ನಿಂತಿರುತ್ತದೆ. ಈ ಎರಡರ ನಡುವೆ ಎಷ್ಟು ಮನೆಗಳ ಬಳೆಗಳು ಒತ್ತೆಗೆ ಹೋಗಿವೆಯೋ, ಬಲ್ಲವರಾರು!

ನಮಗೆ ಈ ಪ್ರಸಂಗ ಬಂದದ್ದು ಡೊಂಬಿವಲಿಯ ಮನೆ ಬಿಟ್ಟು ಮುಲುಂಡಿಗೆ ಹೊರಟಾಗ. ಕೊಟ್ಟಿದ್ದ ಠೇವಣಿ 75,000 ರೂಪಾಯಿ. ಮಾಲಿಕರು ಸಭ್ಯರೇ, ದೀಪಾವಳಿಗೆ ಫರಾಳದ ಡಬ್ಬಿ ಕಳಿಸುತ್ತಿದ್ದವರು. ಆದರೆ ಬೀಗದ ಕೈ ಕೇಳಲು ಬಂದ ದಿನ ಜೇಬಿನಿಂದ ಒಂದು ಚೀಟಿ ತೆಗೆದರು: ಬಣ್ಣಕ್ಕೆ 22,000, ಅಡಿಗೆಮನೆಯ ಕಟ್ಟೆಯ ಕಲ್ಲು ಸೀಳಿದ್ದಕ್ಕೆ 8,000, ನಲ್ಲಿಗೆ 1,500. ಮೂರು ವರ್ಷ ಮನುಷ್ಯರು ಬಾಳಿದ ಗೋಡೆ ಮದುವಣಗಿತ್ತಿಯಂತೆ ಹೊಳೆಯಬೇಕೆಂದರೆ ಹೇಗೆ? ನನಗೆ ಸಿಟ್ಟು ಬಂತು. ‘ಹಣ ಬಂದ ಮೇಲೆಯೇ ಬೀಗದ ಕೈ’ ಎಂದುಬಿಟ್ಟೆ.

ಅದು ಎಂಥ ತಪ್ಪೆಂಬುದನ್ನು ಪರಿಚಯದ ವಕೀಲರೊಬ್ಬರು ಅಂದೇ ಸಂಜೆ ತಿಳಿಸಿಕೊಟ್ಟರು. ಇಲ್ಲಿ ಈಗ ನಮ್ಮಂಥವರಿಗೆ ಸಿಗುವ ಮನೆಗಳು ಬಹುಮಟ್ಟಿಗೆ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನವು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 24ನೆಯ ಕಲಮಿನಂತೆ, ಕರಾರಿನ ಅವಧಿ ಮುಗಿದ ಮೇಲೂ ಮನೆ ಬಿಡದವರು ಬಾಡಿಗೆಯ ಎರಡರಷ್ಟು ಹಣವನ್ನು ನಷ್ಟವೆಂದು ತೆರಬೇಕಾಗುತ್ತದೆ. ಹಟ ಹಿಡಿದು ಕುಳಿತರೆ ಠೇವಣಿ ಕುಳಿತಲ್ಲೇ ಕರಗುತ್ತದೆ! ಕಡೆಯ ಎರಡು ತಿಂಗಳ ಬಾಡಿಗೆ ಕೊಡದೆ ‘ಠೇವಣಿಯಲ್ಲಿ ಹಿಡಿದುಕೊಳ್ಳಿ’ ಎನ್ನುವ ಉಪಾಯವನ್ನು ನಮ್ಮವರು ಅನೇಕರು ಹೇಳಿಕೊಡುತ್ತಾರೆ. ಮಾಲಿಕರು ಬರಹದಲ್ಲಿ ಒಪ್ಪಿದ್ದರೆ ಸರಿ. ಇಲ್ಲವಾದರೆ ಕರಾರು ಮುರಿದವರು ನಾವೇ ಆಗುತ್ತೇವೆ.

ಅದೇ ಕಾಯಿದೆಯ 55ನೆಯ ಕಲಮು ನಮ್ಮ ಕಡೆಗಿದೆ. ಹನ್ನೊಂದು ತಿಂಗಳ ಕರಾರಿಗೆ ರಿಜಿಸ್ಟ್ರಿ ಬೇಡವೆಂದು ದಲ್ಲಾಳಿಗಳು ಹೇಳುವುದುಂಟು. ಮಹಾರಾಷ್ಟ್ರದಲ್ಲಿ ಆ ಮಾತು ನಡೆಯದು. ಕರಾರು ಬರಹದಲ್ಲಿರಬೇಕು, ರಿಜಿಸ್ಟರ್ ಆಗಬೇಕು, ಮಾಡಿಸುವ ಹೊಣೆ ಮಾಲಿಕರದು. ಮಾಡಿಸದಿದ್ದರೆ, ಬೇರೆ ರೀತಿಯಲ್ಲಿ ರುಜುವಾತಾಗುವವರೆಗೆ, ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಮಾಲಿಕರಿಗೆ ಮೂರು ತಿಂಗಳವರೆಗೆ ಸಜೆ ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮ್ಮ ಕರಾರು ರಿಜಿಸ್ಟರ್ ಆಗಿತ್ತು. ಠೇವಣಿಯ ಮೊತ್ತವೂ, ‘ಸಹಜ ಸವಕಳಿಯನ್ನು ಬಿಟ್ಟು’ ಎಂಬ ಮಾತೂ ಅದರಲ್ಲಿದ್ದವು. ಮೂರು ವರ್ಷ ಅದನ್ನು ಕಪಾಟಿನಲ್ಲಿಟ್ಟುಕೊಂಡಿದ್ದ ನಾನು ಓದಿರಲಿಲ್ಲ, ಅಷ್ಟೆ.

ಮರುದಿನ ಮಾಲಿಕರನ್ನು ಕರೆದು, ಇಬ್ಬರೂ ಕೂಡಿ ಮನೆಯನ್ನು ಕೋಣೆ ಕೋಣೆಯಾಗಿ ನೋಡಿದೆವು. ವಿದ್ಯುತ್ತಿನ ಮೀಟರಿನ ಅಂಕಿಯನ್ನು ಬರೆದುಕೊಂಡು, ಬಿಲ್ಲುಗಳೆಲ್ಲ ಸಂದಾಯವಾದುದಕ್ಕೆ ರಶೀದಿ ತೋರಿಸಿ, ಬೀಗದ ಕೈ ಒಪ್ಪಿಸಿದ್ದಕ್ಕೆ ಅವರ ಸಹಿ ಪಡೆದೆವು. ಕಟ್ಟೆಯ ಸೀಳಿನ ಮಾತು ಬಂದಾಗ ನಮ್ಮ ಮನೆಯಾಕೆ ಮೊಬೈಲ್ ತೆಗೆದಳು. ಮನೆಗೆ ಬಂದ ಮೊದಲ ದಿನವೇ ಧಾರವಾಡದ ತಾಯಿಗೆ ತೋರಿಸಲೆಂದು ಅಡಿಗೆಮನೆಯ ಚಿತ್ರ ತೆಗೆದಿದ್ದಳಂತೆ. ಸೀಳು ಆಗಲೇ ಇತ್ತು, ಚಿತ್ರದಡಿ ತಾರೀಖೂ ಇತ್ತು. ಮಾಲಿಕರು ಚೀಟಿಯಲ್ಲಿ ಆ ಸಾಲನ್ನು ತಾವೇ ಹೊಡೆದು ಹಾಕಿದರು. ಒಂದು ಗೋಡೆಯ ತುಂಬ ನಮ್ಮ ಮಗ ಪೆನ್ಸಿಲಿನಿಂದ ರೈಲು ಬಿಡಿಸಿದ್ದ. ಅದನ್ನು ಸವಕಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಬಣ್ಣದ ವ್ಯಾಜ್ಯ ಮಾತ್ರ ಮುಗಿಯಲಿಲ್ಲ. ವಾರಗಳು ಉರುಳಿದವು. ಕೊನೆಗೆ ಕರಾರಿನ ನಕಲು, ಬೀಗದ ಕೈಯ ಸಹಿ, ಚಿತ್ರಗಳು, ಬ್ಯಾಂಕಿನಿಂದ ಠೇವಣಿ ಸಂದ ಲೆಕ್ಕ, ಇಷ್ಟನ್ನೂ ಜೋಡಿಸಿ ಸ್ಪೀಡ್ ಪೋಸ್ಟಿನಲ್ಲಿ ಹದಿನೈದು ದಿನಗಳ ಗಡುವಿನ ಪತ್ರ ಬರೆದೆ. ಅದಕ್ಕೂ ಜಗ್ಗದಿದ್ದರೆ ದಾವೆಯ ದಾರಿ ಇದ್ದೇ ಇದೆ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ; ಮಾಲಿಕರ ಸಿಹಿಮಾತು ಕೇಳುತ್ತ ಅದನ್ನು ಕಳೆದುಕೊಳ್ಳಬಾರದು. ವಕೀಲರ ಶುಲ್ಕಕ್ಕೆ ಅಂಜುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯಿದೆಯಂತೆ ಹೆಂಗಸರಿಗೆ, ಅವರ ವರಮಾನ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ದೊರೆಯುತ್ತದೆ. ಕರಾರನ್ನು ಮನೆಯಾಕೆಯ ಹೆಸರಿನಲ್ಲಿ ಮಾಡಿಸುವುದಕ್ಕೆ ಇದೂ ಒಂದು ಕಾರಣವಾಗಬಹುದು! ದಾವೆ ಹೂಡುವ ಮುನ್ನವೇ ಲೋಕ ಅದಾಲತಿನಲ್ಲಿ ರಾಜಿ ಮಾಡಿಕೊಳ್ಳುವ ಅನುಕೂಲವೂ ಉಂಟು.

ಬೆಂಗಳೂರಿನ ಹತ್ತು ತಿಂಗಳ ಮುಂಗಡದ ಪದ್ಧತಿ ಕಂಡವರಿಗೆ ಮುಂಬಯಿಯ ಠೇವಣಿ ದೊಡ್ಡದೆನಿಸದಿರಬಹುದು. ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದೂ, ಮನೆ ಒಪ್ಪಿಸಿದ ಹೊತ್ತಿಗೇ ನ್ಯಾಯವಾದ ಕಡಿತ ಕಳೆದು ಹಿಂದಿರುಗಿಸಬೇಕೆಂದೂ ಇದೆ. ಆದರೆ ಅದು ಹೆಸರಿನಂತೆ ಮಾದರಿ. ರಾಜ್ಯವು ತನ್ನ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ.

ನಮ್ಮ ಪತ್ರ ತಲುಪಿದ ಒಂಬತ್ತನೆಯ ದಿನ ಮಾಲಿಕರು ಫೋನ್ ಮಾಡಿದರು. ನಲ್ಲಿಗೆ 1,500, ರೈಲಿನ ಗೋಡೆಗೆ 5,000 ಹಿಡಿದು 68,500 ರೂಪಾಯಿ ಬ್ಯಾಂಕಿಗೆ ಹಾಕಿದರು. ಮನೆ ಬಿಟ್ಟು ಅಂದಿಗೆ ಏಳು ವಾರ. ಮರುದಿನ ಬೆಳಿಗ್ಗೆಯೇ ಹೋಗಿ, ಬಡ್ಡಿ ಕಟ್ಟಿ, ಬಳೆಗಳನ್ನು ಬಿಡಿಸಿಕೊಂಡು ಬಂದೆವು.