ಹಳೆಯ ಕಾರಿನ ಹೊಳಪು: ಉಜ್ಜುವ ಮುನ್ನ ಲೋಹವನ್ನು ಅರಿಯಿರಿ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಆರಂಭವಾದ ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ಅಜ್ಜನ ಕಾಲದ ಕಾರೊಂದು ಅಂಗಳದ ಚಪ್ಪರದಡಿ ಉಳಿದಿರುವ ಮನೆಗಳು ಇಂದಿಗೂ ಇವೆ. ಹಬ್ಬವೋ ಮದುವೆಯೋ ಬಂದಾಗ ಅದನ್ನು ತೊಳೆದು ನಿಲ್ಲಿಸುವ ಉತ್ಸಾಹ ಮೂಡುತ್ತದೆ. ಬಂಪರಿನ ಮೇಲೆ ತುಕ್ಕಿನ ಚುಕ್ಕೆಗಳನ್ನು ಕಂಡವರು ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನೋ ಹುಣಸೆಹಣ್ಣನ್ನೋ ಕೈಗೆತ್ತಿಕೊಳ್ಳುತ್ತಾರೆ. ಹಾನಿ ಆರಂಭವಾಗುವುದು ಅಲ್ಲಿಯೇ.

ಹಿತ್ತಾಳೆಯ ಚೊಂಬು ಹುಣಸೆಹುಳಿಗೆ ಹೊಳೆಯುತ್ತದೆ. ಏಕೆಂದರೆ ಅದು ಒಳಗೂ ಹೊರಗೂ ಹಿತ್ತಾಳೆಯೇ. ಕಿಲುಬು ಕರಗಿದೊಡನೆ ಅದೇ ಲೋಹ ಕಾಣುತ್ತದೆ. ಬಂಪರಿನ ಸ್ಥಿತಿ ಹಾಗಲ್ಲ. ಒಳಗೆ ಉಕ್ಕು, ಅದರ ಮೇಲೆ ನಿಕಲ್, ಎಲ್ಲಕ್ಕೂ ಮೇಲೆ ಕ್ರೋಮಿಯಂ. ಈ ಕೊನೆಯ ಪದರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ತುಕ್ಕು ಹಿಡಿಯುವುದು ಕ್ರೋಮಿಯಮ್ಮಿಗೆ ಅಲ್ಲ. ಲೇಪದ ಸೂಕ್ಷ್ಮ ರಂಧ್ರಗಳಿಂದ ಒಳಹೊಕ್ಕ ತೇವವು ಅಡಿಯ ಉಕ್ಕನ್ನು ತಿನ್ನುತ್ತದೆ. ಕಡಲತೀರದ ಉಪ್ಪುಗಾಳಿ ಅದನ್ನು ಇನ್ನಷ್ಟು ತ್ವರಿತಗೊಳಿಸುತ್ತದೆ.

ಆದುದರಿಂದ ಮೊದಲ ಕೆಲಸ ಲೋಹದ ಗುರುತು. ಇದನ್ನು ಮಕ್ಕಳೇ ಮಾಡಬಹುದು. ಅಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತಾಗಿಸಿದಾಗ ಅಂಟಿದರೆ ಒಳಗಿರುವುದು ಉಕ್ಕು. ಅಂಟದಿದ್ದರೆ ಅಲ್ಯುಮಿನಿಯಂ ಇರಬಹುದು, ಲೇಪ ಹಾಕಿದ ಸತುವಿನ ಎರಕವೂ ಇರಬಹುದು. ಒಂದೇ ಸಾಕ್ಷ್ಯದಿಂದ ತೀರ್ಪು ಸಲ್ಲದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅಂಟುವ ಬಗೆಯೂ ಇದೆ, ಅಂಟದ ಬಗೆಯೂ ಇದೆ. ಗುಳ್ಳೆ ಎದ್ದಿದ್ದರೆ, ಪದರ ಸುಲಿದಿದ್ದರೆ ಅದು ಲೇಪವೆಂದೇ ತಿಳಿಯಬೇಕು.

ಲೇಪಿತ ಭಾಗವನ್ನು ಸೋಪುನೀರಿನಿಂದ ತೊಳೆದು ಮರಳಿನ ಕಣಗಳನ್ನು ಮೊದಲು ಹೋಗಲಾಡಿಸಬೇಕು. ಬಳಿಕ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯ ಚೂರನ್ನು ಮುದುಡಿ, ನೀರಿನಲ್ಲಿ ಅದ್ದಿ, ಚುಕ್ಕೆಯ ಮೇಲೆ ಹಗುರವಾಗಿ ಆಡಿಸಬೇಕು. ಅಲ್ಯುಮಿನಿಯಂ ಕ್ರೋಮಿಯಮ್ಮಿಗಿಂತ ಬಹಳ ಮೃದು; ಆದುದರಿಂದ ತುಕ್ಕು ಬಿಡುತ್ತದೆ, ಪದರ ಉಳಿಯುತ್ತದೆ. ಕೂಡಲೇ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಮೇಣ ಹಚ್ಚಬೇಕು. ಮೇಣವು ರಂಧ್ರಗಳಿಗೆ ತೇವ ಇಳಿಯದಂತೆ ತಡೆಯುತ್ತದೆ. ಮಳೆಗಾಲದ ಮುನ್ನ ಇದನ್ನು ಮತ್ತೊಮ್ಮೆ ಮಾಡುವುದು ಒಳಿತು.

ಉಜ್ಜಿದಲ್ಲಿ ಹಳದಿ ಛಾಯೆ ಮೂಡಿದರೆ ಕ್ರೋಮಿಯಂ ಸವೆದು ನಿಕಲ್ ಹೊರಬಂದಿದೆ ಎಂದರ್ಥ. ಅಲ್ಲಿಗೆ ಕೈ ನಿಲ್ಲಿಸಬೇಕು. ಹೋದ ಪದರವನ್ನು ಯಾವ ಪಾಲಿಶೂ ಮರಳಿ ತಾರದು; ಹೊಸದಾಗಿ ವಿದ್ಯುಲ್ಲೇಪನ ಮಾಡಿಸಬೇಕಾಗುತ್ತದೆ. ಅದರ ವೆಚ್ಚ ಹಣಕ್ಕೆ ಮಾತ್ರ ಸೀಮಿತವಲ್ಲ. ಹಳೆಯ ವಿಧಾನದ ಲೇಪನ ತೊಟ್ಟಿಗಳಲ್ಲಿ ಬಳಸುವ ಷಟ್‌ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದರ ಆವಿಯನ್ನು ಉಸಿರಾಡುವವನು ಅಲ್ಲಿನ ಕಾರ್ಮಿಕ. ತ್ಯಾಜ್ಯವನ್ನು ಶುದ್ಧೀಕರಿಸದೆ ಹೊರಬಿಟ್ಟರೆ ಕೆಡುವುದು ನೆರೆಯವರ ಬಾವಿ. ಇರುವ ಪದರವನ್ನು ಜತನದಿಂದ ಉಳಿಸಿಕೊಂಡರೆ ಆ ತೊಟ್ಟಿಯ ಅಗತ್ಯವೇ ಬೀಳದು. ಅಲ್ಲಲ್ಲಿ ಒಂದೆರಡು ಚುಕ್ಕೆ ಉಳಿದರೆ ಉಳಿಯಲಿ. ಅಜ್ಜನ ಕಾರಿಗೆ ಅದರಿಂದ ಕುಂದಿಲ್ಲ.