ಕ್ಯಾಲ್ಸಿಯಂ ಮತ್ತು ಫಾಸ್ಫೇಟ್: ಜೀವಕೋಶದ ಒಳಗೂ ಹೊರಗೂ

ಕ್ಯಾಲ್ಸಿಯಂ ಎಂದರೆ ಸುಣ್ಣದಂಶ. ಫಾಸ್ಫೇಟ್ ಎಂದರೆ ರಂಜಕ ಮತ್ತು ಆಮ್ಲಜನಕ ಸೇರಿದ ಅಂಶ. ದೇಹದ ಶೇ. 99ರಷ್ಟು ಕ್ಯಾಲ್ಸಿಯಂ, ಸುಮಾರು ಶೇ. 85ರಷ್ಟು ಫಾಸ್ಫೇಟ್ ಮೂಳೆ, ಹಲ್ಲುಗಳಲ್ಲಿವೆ. ಇವೆರಡು ಕೂಡಿದರೆ ಗಟ್ಟಿಯಾಗುತ್ತವೆ. ಮೂಳೆಗೆ ಅದು ಬೇಕು. ಜೀವಕೋಶದೊಳಗೆ ಹಾಗಾದರೆ ಅಪಾಯ.

ಕೋಶ ಇದನ್ನು ತಪ್ಪಿಸುವುದು ಹೇಗೆ? ಒಳಗೆ ಫಾಸ್ಫೇಟ್ ಇರಲೇಬೇಕು. ಡಿಎನ್‌ಎ, ಕೋಶದ ಪೊರೆ, ಶಕ್ತಿ ಕೊಡುವ ಎಟಿಪಿ ಎಂಬ ಅಣು, ಎಲ್ಲದರಲ್ಲೂ ಅದಿದೆ. ಆದ್ದರಿಂದ ಕೋಶ ಕ್ಯಾಲ್ಸಿಯಂ ಅನ್ನು ದೂರವಿಡುತ್ತದೆ. ಹೊರಗಿಗಿಂತ ಒಳಗೆ ಬಿಡಿ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಕಡಿಮೆ. ಪೊರೆಯಲ್ಲಿರುವ ‘ಕ್ಯಾಲ್ಸಿಯಂ ಪಂಪ್’ ಎಂಬ ಪ್ರೋಟೀನ್‌ಗಳು ಅದನ್ನು ಸದಾ ಹೊರಹಾಕುತ್ತವೆ. ಈ ಪಂಪ್ ನಡೆಯುವುದು ಎಟಿಪಿಯಿಂದ, ಅಂದರೆ ಫಾಸ್ಫೇಟ್‌ನ ನೆರವಿನಿಂದಲೇ. ಒಂದಷ್ಟು ಕ್ಯಾಲ್ಸಿಯಂ ಕೋಶದೊಳಗಿನ ಚೀಲಗಳಲ್ಲಿ ಉಳಿಯುತ್ತದೆ. ಸ್ನಾಯು ಬಿಗಿಯಬೇಕಾದಾಗ ಅಲ್ಲಿಂದ ಹೊರಬಂದು, ಕೆಲಸ ಮುಗಿದೊಡನೆ ಮರಳುತ್ತದೆ.

ರಕ್ತದಲ್ಲಿ ಇವುಗಳನ್ನು ಹದದಲ್ಲಿಡುವವರು ಯಾರು? ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಪಿಟಿಎಚ್ ಹಾರ್ಮೋನು, ವಿಟಮಿನ್ ಡಿ, ಮೂಳೆಯಿಂದ ಬರುವ ಎಫ್‌ಜಿಎಫ್23 ಎಂಬ ಹಾರ್ಮೋನು ಮತ್ತು ಕಿಡ್ನಿ. ಕಿಡ್ನಿ ಸೋತರೆ ಫಾಸ್ಫೇಟ್ ರಕ್ತದಲ್ಲಿ ಉಳಿಯುತ್ತದೆ. ಆಗ ರಕ್ತನಾಳದ ಗೋಡೆಯ ಸ್ನಾಯುಕೋಶಗಳು ಮೂಳೆಕೋಶಗಳಂತೆ ವರ್ತಿಸತೊಡಗುತ್ತವೆ. ನಾಳದಲ್ಲಿ ಸುಣ್ಣ ಕಟ್ಟುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ.

ನಿಮ್ಮ ಸ್ಥಿತಿ ತಿಳಿಯುವುದು ಹೇಗೆ? ರಕ್ತಪರೀಕ್ಷೆ ಸಾಕು. ವಯಸ್ಕರಲ್ಲಿ ಸಾಮಾನ್ಯವಾಗಿ ಪ್ರತಿ ಡೆಸಿಲೀಟರ್‌ಗೆ ಕ್ಯಾಲ್ಸಿಯಂ 8.5–10.5 ಮಿ.ಗ್ರಾಂ, ಫಾಸ್ಫರಸ್ (ಫಾಸ್ಫೇಟ್‌ನಲ್ಲಿರುವ ರಂಜಕ) 2.5–4.5 ಮಿ.ಗ್ರಾಂ ಇರಬೇಕು. ಲ್ಯಾಬ್‌ನಿಂದ ಲ್ಯಾಬ್‌ಗೆ ತುಸು ವ್ಯತ್ಯಾಸವಿರುತ್ತದೆ.

ರಕ್ತದಲ್ಲಿ ಫಾಸ್ಫೇಟ್ ಹೆಚ್ಚಿದ್ದರೆ, ಅದು ಇರುವ ಬೇಳೆಕಾಳು ಬಿಡಬೇಕೇ? ನೀವಾಗಿಯೇ ಬಿಡಬೇಡಿ. ಕಾಳುಗಳ ಫಾಸ್ಫೇಟ್‌ನಲ್ಲಿ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ, ದೇಹ ಅದನ್ನು ಪೂರ್ತಿ ಹೀರುವುದಿಲ್ಲ. ಪ್ಯಾಕೆಟ್ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಹೆಚ್ಚು ಸುಲಭವಾಗಿ ರಕ್ತ ಸೇರುತ್ತದೆ. ಲೇಬಲ್‌ನಲ್ಲಿ ಬೆರೆಸಿದ ಅಂಶಗಳನ್ನು ಸೂಚಿಸುವ ಐಎನ್‌ಎಸ್ 338ರಿಂದ 341, 450ರಿಂದ 452 ಎಂಬ ಸಂಖ್ಯೆಗಳನ್ನು ಹುಡುಕಿ. ಕೋಲಾದಲ್ಲಿರುವುದು 338, ಅಂದರೆ ಫಾಸ್ಫಾರಿಕ್ ಆಮ್ಲ.

ಆಹಾರದ ಫಾಸ್ಫೇಟ್ ಅನ್ನು ಕರುಳಿನಲ್ಲೇ ಹಿಡಿದಿಡುವ ಮಾತ್ರೆಗಳಿವೆ. ಊಟದ ಜೊತೆಗೇ ನುಂಗಿದರೆ ಮಾತ್ರ ಫಲ. ಕ್ಯಾಲ್ಸಿಯಂ ಅಸಿಟೇಟ್ ಸಾಮಾನ್ಯವಾಗಿ ಅಗ್ಗ, ಸೆವೆಲಾಮರ್ ದುಬಾರಿ. ವೈದ್ಯರ ಚೀಟಿಯೊಂದಿಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಖರ್ಚು ತಗ್ಗಬಹುದು.

ಕಿಡ್ನಿ ತೊಂದರೆ ಇದ್ದವರು ದಯವಿಟ್ಟು ‘ಮೂಳೆಗೆ ಒಳ್ಳೆಯದು’ ಎಂದು ಕ್ಯಾಲ್ಸಿಯಂ ಮಾತ್ರೆಯನ್ನು ತಾವಾಗಿಯೇ ನುಂಗಬೇಡಿ. ಮೊದಲು ರಕ್ತದ ಕ್ಯಾಲ್ಸಿಯಂ, ಫಾಸ್ಫೇಟ್ ಎರಡನ್ನೂ ಪರೀಕ್ಷಿಸಿಕೊಳ್ಳಿ.